ನೀರಗಂಟಿ ಗಂಗಹನುಮಯ್ಯನು ಸಮುದ್ರದ ಮೇಲೆ ದಂಡೆತ್ತಿ ಹೋದದ್ದು

ಅದು ಮಾಘಮಾಸ. ತುಂಬಿ ತುಳುಕಿದ ಹುಣ್ಣಿಮೆಯ ಚಂದ್ರನು ಆಗಷ್ಟೇ ಅಂಚು ಸವೆಯತೊಡಗಿದ್ದ ದಿನಗಳು. ಗುರುವಾರದ ಬೆಳಗಿನ ಜಾವ. ಕೋಳಿಯು ಒಮ್ಮೆ ಕೂಗಿ, ಎರಡನೆಯ ಕೂಗಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಹೊತ್ತು. ಅಂಥ ಸುಮುಹೂರ್ತದಲ್ಲಿ, ಅಂಡಮಾನಿನ ನೀಲಜಲಧಿಮಧ್ಯದಲ್ಲಿ, ತೆಂಗಿನ ತೋಪನ್ನೇ ಕಿರೀಟವಾಗಿ ತೊಟ್ಟ ಒಂದು ಪುಟ್ಟ ದ್ವೀಪದ ಹೋಟೆಲಿನ ಮಂಚದ ಮೇಲೆ, ಕೆರೆಕುಲತಿಲಕನೂ, ತೂಬುದ್ವಾರಪಾಲಕನೂ, ಕೋಡಿಭಂಗಭಯನಿವಾರಕನೂ, ಗದ್ದೆಬಯಲಿನ ಸಮಸ್ತ ಕಲಹಗಳ ಮಧ್ಯಸ್ಥನೂ ಆದ ನೀರಗಂಟಿ ಗಂಗಹನುಮಯ್ಯನು ಕಣ್ಣು ಬಿಟ್ಟುಕೊಂಡೇ ನಿದ್ದೆ ನಟಿಸುತ್ತಿದ್ದನು.

ಎಲೈ ವಾಗ್ದೇವಿಯೇ, ರಾಜಾಧಿರಾಜರ ಕಾಳಗಗಳನ್ನು ಹೇಳಿ ಹೇಳಿ ನಿನ್ನ ನಾಲಿಗೆಯೂ ದಣಿದಿದ್ದೀತು. ಕೊಂಚ ಕಾಲು ನೀಡಿ ಕುಳಿತು, ಮಧುಗಿರಿ ಸೀಮೆಯ ಈ ಮುದುಕನು ಸಮುದ್ರರಾಜನ ಮೇಲೆ ದಂಡೆತ್ತಿ ಹೋದ ಬಗೆಯನ್ನು ನುಡಿಸು.

ನೀರಗಂಟಿಯೆಂದರೆ ಊರ ಕೆರೆಯ ಕಾವಲುಗಾರ. ಅವನು ತೂಬು ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ಇಲ್ಲ. ಗಂಗಹನುಮಯ್ಯನ ಆಯುಷ್ಯವೆಲ್ಲ ಆ ಎತ್ತುವ ಇಳಿಸುವ ಕಾಯಕದಲ್ಲೇ ಕಳೆದಿತ್ತು. ದಂಡಯಾತ್ರೆಯ ಕಾರಣವೂ ಅದೇ. ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ ಓಬಳಮ್ಮ ಒಂದೇ ಒಂದು ಆಸೆ ಹೇಳಿಕೊಂಡಿದ್ದಳು: ಹಬ್ಬದ ದಿನ ಗಂಡನ ಹೆಗಲ ಮೇಲಿನ ವಲ್ಲಿಗೆ ತನ್ನ ಸೆರಗು ಗಂಟು ಹಾಕಿ, ಇಬ್ಬರೂ ಜೊತೆಯಾಗಿ ನೀರಲ್ಲಿ ಒಂದು ಮುಳುಗು ಹಾಕಬೇಕು. ಆದರೆ ಹಬ್ಬ ಬಂದಾಗಲೆಲ್ಲ ಯಾರದೋ ಗದ್ದೆಯ ನೀರಿನ ಸರದಿಯೂ ಬರುತ್ತಿತ್ತು. ಅವಳು ಕೆರೆಯ ಸೋಪಾನದಲ್ಲಿ ಒಬ್ಬಳೇ ಮುಳುಗಿ ಏಳುವಳು, ಅವನು ತೂಬಿನ ಮೇಲೆ ನಿಂತು ಯಾರನ್ನೋ ಬೈಯುವನು. ಹೀಗೆಯೇ ಕೂದಲು ಬೆಳ್ಳಗಾಯಿತು. ಈಗ ಅಳಿಯನು ಟಿಕೇಟು ಕೊಡಿಸಿ ದ್ವೀಪಕ್ಕೆ ಕಳಿಸಿದಾಗ, ಓಬಳಮ್ಮ ಎಲ್ಲಕ್ಕಿಂತ ಮೊದಲು ಚೀಲಕ್ಕೆ ಹಾಕಿದ್ದು ತಾಮ್ರದ ಚೊಂಬು. ಎರಡನೆಯದು ಮದುವೆಯ ಸೀರೆ.

ಆದರೆ ಅಕಟಕಟಾ! ನಿಂತ ನೀರನ್ನು ಆಳಿದ ಆ ವೀರನ ಎದೆಯು, ಎದ್ದು ಬರುವ ನೀರನ್ನು ಕಂಡೊಡನೆ ಅಕ್ಕಿಕಾಳಿನಷ್ಟಾಯಿತು. ಈ ಗುಟ್ಟು ತನಗೊಬ್ಬನಿಗೇ ಗೊತ್ತೆಂದು ಅವನು ನಂಬಿದ್ದ. ಮಂಗಳವಾರ ತುಂಬು ಕಡಲಿನ ಮುಂದೆ ನಿಂತು, "ಉಂಡ ಹೊಟ್ಟೇಲಿ ನೀರಿಗಿಳೀಬಾರ್ದು ಕಣೆ" ಎಂದ. ಬುಧವಾರ, "ಗಾಳಿ ಸರಿಯಿಲ್ಲ" ಎಂದ. ಗುರುವಾರ ಒಂಬತ್ತಕ್ಕೆ ವಾಪಸು ಹೋಗುವ ಹಡಗು.

"ಏಳಯ್ಯ," ಎಂದಳು ಓಬಳಮ್ಮ, ಮದುವೆಯ ಸೀರೆ ಉಟ್ಟು ನಿಂತು. "ಹೊಟ್ಟೇಲಿ ಏನೂ ಇಲ್ಲ, ಗಾಳೀನೂ ಇಲ್ಲ. ಇವತ್ತಿನ ನೆಪ ಯಾವ್ದೈತೋ ಬೇಗ ಹೇಳ್ಬುಡು."

ವೀರನಿಗೆ ನೆಪ ಹೊಳೆಯಲಿಲ್ಲ. ಆದ್ದರಿಂದ ಶಸ್ತ್ರಸನ್ನದ್ಧನಾದನು. ಪಟಾಪಟಿ ಚಡ್ಡಿಯೆಂಬ ಚಿತ್ರವರ್ಣಕವಚವನ್ನು ತೊಟ್ಟು, ಹೆಗಲಿಗೆ ಕೆಂಪಂಚಿನ ವಲ್ಲಿಯೆಂಬ ವಿಜಯಪತಾಕೆಯನ್ನು ಏರಿಸಿ, ಪಡಸಾಲೆಯ ಮೂಲೆಯಲ್ಲಿ ಬಕೆಟ್ಟಿನೊಳಗೆ ತಪಸ್ಸು ಮಾಡುತ್ತಿದ್ದ ನೆಲ ಒರೆಸುವ ಕೋಲನ್ನು ಆಳಮಾಪಕ ಮಹಾದಂಡವಾಗಿ ಕೈಗೊಂಡು, ಹಿಂದೆ ಚೊಂಬುಹಸ್ತೆಯಾದ ಸಹಧರ್ಮಿಣಿಯೊಡನೆ, ಮರಳದಿಬ್ಬವನ್ನೇರಿದನು. ಹರೆಯದಲ್ಲಿ ಊರ ಬಯಲಾಟದಲ್ಲಿ ರಾಜನ ವೇಷ ಕಟ್ಟಿದವನಲ್ಲವೇ! ನೆತ್ತಿಗೆ ಬರುವ ಮೊದಲೇ ಕಣ್ಣು ಮುಚ್ಚಿ, ಮೇಲೆ ನಿಂತು, ಗುಡುಗಿದನು:

"ಎಲೈ ಉಪ್ಪುನೀರ ಹೊಂಡವೇ! ಏರಿಯಿಲ್ಲದ, ತೂಬಿಲ್ಲದ, ಹೇಳೋರು ಕೇಳೋರಿಲ್ಲದ ದಿಕ್ಕುಗೆಟ್ಟ ಕೆರೆಯೇ! ಏಳು ಹಳ್ಳಿಯ ಗದ್ದೆಗಳನ್ನು ಬೆರಳ ತುದಿಯಲ್ಲಿ ಕುಣಿಸಿದ ಗಂಗಹನುಮಯ್ಯ ಬಂದಿದ್ದೇನೆ! ಧೈರ್ಯವಿದ್ದರೆ ನಿಲ್ಲು! ಇಲ್ಲವೋ, ಬಾಲ ಮಡಚಿ ಓಡು!"

ಕಣ್ಣು ತೆರೆದನು. ಸಮುದ್ರ ಇರಲಿಲ್ಲ.

ನಿನ್ನೆ ಹತ್ತು ಗಂಟೆಯ ಬಿಸಿಲಲ್ಲಿ ತೆಂಗಿನ ಬುಡ ನೆಕ್ಕುತ್ತಿದ್ದ ಆ ನೀಲಿ ನೀರಿನ ರಾಶಿಯೆಲ್ಲ ಎಲ್ಲಿಗೆ ಹೋಯಿತೋ! ಕಣ್ಣು ಹಾಯುವಷ್ಟು ದೂರ ಒದ್ದೆ ಮರಳು, ಪಾಚಿಗಲ್ಲು, ಅಲ್ಲಲ್ಲಿ ಕನ್ನಡಿ ಚೂರಿನಂಥ ಹೊಂಡ. ಆಚೆ, ಬಲು ಆಚೆ, ಒಂದು ಬಿಳಿಯ ಗೆರೆ.

"ನೋಡ್ದೇನೆ ಓಬಳಿ!" ಎಂದು ಮುದುಕ ಕುಣಿದ. "ಓಡೋದ! ನನ್ ಗಂಟ್ಲು ಕೇಳೇ ಓಡೋದ!" ಅವನ ಸಂತೋಷ ನಿಜವಾದದ್ದು. ಬಹಳ ಹಗುರಾದವನ ಸಂತೋಷ ಅದು.

ಆಮೇಲೆ ಅವನೊಳಗಿನ ನೀರಗಂಟಿಗೆ ಸಿಟ್ಟು ಬಂತು. ಇಷ್ಟು ನೀರು ರಾತ್ರೋರಾತ್ರಿ ಖಾಲಿಯಾಗಬೇಕಾದರೆ ಅರ್ಥ ಒಂದೇ. ಹತ್ತಿರದಲ್ಲಿ ದೋಣಿಯ ಮಗ್ಗುಲಲ್ಲಿ ಬಲೆ ಹೊಲಿಯುತ್ತಿದ್ದ ತೆಲುಗು ಬೆಸ್ತನ ಬಳಿ ಹೋಗಿ, ಗಡಿಸೀಮೆಯ ತನ್ನ ತೆಲುಗಿನಲ್ಲಿ ಗದರಿದ:

"ಯಾರಯ್ಯಾ ತೂಬು ತೆಗೆದೋನು? ಹೇಳದೆ ಕೇಳದೆ ಇಷ್ಟು ನೀರು ಬಿಟ್ಟವ್ನಲ್ಲ, ಯಾರ ಗದ್ದೆಗೆ?"

ಬೆಸ್ತ ಸೂಜಿ ನಿಲ್ಲಿಸಿ ಮುದುಕನನ್ನೂ ಅವನ ಕೋಲನ್ನೂ ನೋಡಿದ. "ಚಂದಮಾಮ ತೆಗೀತಾನೆ ತಾತ. ದಿನಾ ತೆಗೀತಾನೆ, ದಿನಾ ತುಂಬಿಸ್ತಾನೆ."

"ದಿನಾನಾ! ಹಬ್ಬಕ್ಕೂ ರಜಾ ಇಲ್ವಾ?"

"ಇಲ್ಲ ತಾತ."

"ಪಾಪ," ಎಂದ ಗಂಗಹನುಮಯ್ಯ, ಮೇಲೆ ನೋಡಿ. "ತಿರ್ಗ ಯಾವಾಗ ತುಂಬ್ತದೆ?"

"ಊಟದ ಹೊತ್ತಿಗೆ."

ಊಟದ ಹೊತ್ತಿಗೆ ಅವರ ಹಡಗು ನಡುಗಡಲಲ್ಲಿರುತ್ತದೆ. ವಿಜಯವಾರ್ತೆಯನ್ನು ಹೇಳಲು ವೀರನು ತಿರುಗಿದಾಗ, ಓಬಳಮ್ಮ ಮರಳ ಮೇಲೆ ಕುಳಿತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉತ್ತರ ಗೊತ್ತಿತ್ತು. ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಅದರ ಬಾಯಿ ಒರೆಸುತ್ತ, "ಹೋಗ್ಲಿ ಬಿಡು," ಎಂದಳು. "ಅಲ್ಲೂ ಯಾರ್ದೋ ಸರದಿ, ಇಲ್ಲೂ ಯಾರ್ದೋ ಸರದಿ. ನಂದು ಬರಾಕಿಲ್ಲ."

ಕೇಳಿರಯ್ಯಾ, ಬಾಣಗಳಲ್ಲಿ ಎಷ್ಟೋ ಬಗೆಯುಂಟು. ಇದು ಚಿತ್ರವರ್ಣಕವಚವನ್ನು ಸೀಳಿಕೊಂಡು ಹೋಯಿತು. ಮುದುಕ ಕೋಲನ್ನು ಮರಳಿಗೆ ಊರಿದ. ಬಳಿಕ ಬಗ್ಗಿ, ತಾನೇ ಅವಳ ಸೆರಗಿನ ತುದಿ ಹಿಡಿದು, ವಲ್ಲಿಗೆ ಕಟ್ಟಿದ. ತೂಬಿನ ಹಗ್ಗಕ್ಕೆ ಹಾಕುವ ಗಂಟು ಅದು, ಎಳೆದಷ್ಟೂ ಬಿಗಿ.

"ಏಳು," ಎಂದ. "ಓಡೋದ್ರೆ ಬಿಡ್ತೀವಾ? ಅಟ್ಟಿಸ್ಕೊಂಡು ಹೋಗಾನ."

"ನಿಂಗೆ ಭಯ ಅಲ್ವಾ?"

"ಯಾರ್ ಹೇಳಿದ್ದು?"

"ಮೂರು ದಿನದಿಂದ ನೋಡ್ತಾ ಇವ್ನಿ. ನಡಿ ನಡಿ."

ಹೀಗೆ ಗ್ರಂಥಿಬದ್ಧರಾದ ಆ ದಂಪತಿಗಳು ಪಲಾಯಿತ ಶತ್ರುವಿನ ಬೆನ್ನಟ್ಟಿ ನಡೆದರು. ಏಡಿಗಳೆಂಬ ಅಸಂಖ್ಯ ಪದಾತಿಗಳು ಕತ್ತಿ ಝಳಪಿಸಿ, ಮರುಕ್ಷಣವೇ ಬಿಲ ಸೇರಿದವು. ಪಾಚಿಗಲ್ಲುಗಳೆಂಬ ಕೋಟೆಗಳಲ್ಲಿ ಓಬಳಮ್ಮ ಜಾರಿದಾಗ ಅವನು ಹಿಡಿದ, ಅವನು ಜಾರಿದಾಗ ಅವಳು ನಕ್ಕಳು. ಕೊನೆಗೆ ಬಿಳಿಯ ಗೆರೆ ಸಿಕ್ಕಿತು. ನೀರು ಕಾಲ್ಬೆರಳು ತೋಯಿಸಿತು. ಇನ್ನಷ್ಟು ನಡೆದರು, ಹಿಮ್ಮಡಿ ಮುಳುಗಿತು, ಅಷ್ಟೇ. ಆಚೆ ದೂರದಲ್ಲಿ ಅಲೆ ಮೊರೆಯುವುದನ್ನು ಕಂಡು ವೀರನು, "ಇಲ್ಲೇ ಚೆನ್ನಾಗೈತೆ" ಎಂದ. ಅವಳೂ ಒಪ್ಪಿದಳು. ಇಬ್ಬರೂ ಮೂಡಣಕ್ಕೆ ಮುಖಮಾಡಿ, ಮಕ್ಕಳಂತೆ ಕಾಲು ಚಾಚಿ ಕುಳಿತರು. ಸೂರ್ಯ ಹುಟ್ಟಿದ. ಅವನು ಚೊಂಬಿನಲ್ಲಿ ಮೊಗೆದು ಅವಳ ತಲೆಗೆ ಹೊಯ್ದ. ಅವಳು ಅವನ ತಲೆಗೆ ಹೊಯ್ದಳು. "ಕಣ್ ಮುಚ್ಕೊಳಯ್ಯ, ಉಪ್ಪು."

ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಆ ಹೊತ್ತಿಗೇ ಚಂದ್ರನು ತೂಬು ತಿರುಗಿಸಿದ್ದನು. ಪ್ರಳಯಕಾಲದ ಪರ್ವತಾಕಾರದ, ದಿಗಂತಭಯಂಕರವಾದ, ಫೇನಜಟಾಧಾರಿಯಾದ ಮಹಾತರಂಗವೊಂದು ಬಂದು ಗಂಗಹನುಮಯ್ಯನ ಬೆನ್ನಿನ ಕೆಳಭಾಗವನ್ನು ತಣ್ಣಗೆ ಮುಟ್ಟಿತು.

"ಬಿಟ್ಟಾ! ತೂಬು ಬಿಟ್ಟಾ! ಓಡೇ ಓಬಳೀ!"

ಎದ್ದು ಓಡಿದನು. ಗಂಟು ಓಡಲಿಲ್ಲ. ಅದು ತೂಬಿನ ಹಗ್ಗದ ಗಂಟು. ವಲ್ಲಿ ಹಿಂದಕ್ಕೆ ಎಳೆಯಿತು, ಸೆರಗು ಮುಂದಕ್ಕೆ ಎಳೆಯಿತು, ಅವನು ಅಂಗಾತ ಬಿದ್ದ, ಅವನ ಮೇಲೆ ಅವಳು ಬಿದ್ದಳು. ಇಬ್ಬರ ತಲೆಯೂ ಒಂದೇ ಸಲಕ್ಕೆ ನೀರಲ್ಲಿ ಪೂರ್ತಿ ಮುಳುಗಿ ಒಂದೇ ಸಲಕ್ಕೆ ಮೇಲೆ ಬಂದವು.

"ಆಯ್ತು!" ಎಂದಳು ಓಬಳಮ್ಮ, ಉಪ್ಪುನೀರು ಉಗುಳುತ್ತ. "ಆಯ್ತು ಕಣಯ್ಯ, ಮುಳುಗು ಆಯ್ತು!" ನಗು ತಡೆಯಲಾರದೆ ಅಲ್ಲೇ ಕುಳಿತುಬಿಟ್ಟಳು.

ವೀರನು ದಂಡವನ್ನು ಊರಿ ರಣರಂಗದ ಆಳವನ್ನು ನೋಡಿದನು. ಒಂದು ಗೇಣು.

ಹೋಟೆಲಿಗೆ ಬಂದು ಕೋಲನ್ನು ಅದರ ಬಕೆಟ್ಟಿನಲ್ಲೇ ನಿಲ್ಲಿಸಿದ. ಗಂಟು ಬಿಚ್ಚಲು ಹೋದರೆ, ಉಪ್ಪುನೀರು ಕುಡಿದ ಗಂಟು ಅವನ ಉಗುರಿಗೂ ಬಗ್ಗಲಿಲ್ಲ, ಅವಳ ಹಲ್ಲಿಗೂ ಬಗ್ಗಲಿಲ್ಲ.

"ಇರ್ಲಿ ಬಿಡು," ಎಂದಳು ಓಬಳಮ್ಮ.

ಆ ಗುರುವಾರ ದ್ವೀಪವನ್ನು ಮೊದಲು ಬಿಟ್ಟದ್ದು ತಾಮ್ರದ ಚೊಂಬು. ಗಲಿಬಿಲಿಯಲ್ಲಿ ಅಲೆಯ ಮೇಲೆ ಕುಳಿತು ಅದು ಯಾವಾಗ ಹೊರಟಿತೋ ಯಾರೂ ನೋಡಲಿಲ್ಲ. ಒಂಬತ್ತರ ಹಡಗಿಗೆ ಅವರಿಬ್ಬರು ಹೊರಟರು. ಒದ್ದೆ ಸೀರೆಯೂ ಒದ್ದೆ ವಲ್ಲಿಯೂ ಗಂಟು ಬಿಚ್ಚದೆ ಒಂದೇ ಚೀಲದಲ್ಲಿದ್ದವು.