ಕೊಳ ಓಕುಳಿಯಾದದ್ದು

ನನಗೆ ಜಂಬ ಸ್ವಲ್ಪ ಜಾಸ್ತಿ. ಮನೆ ಹಿಂದೆ ಈಜುಕೊಳ ಇಟ್ಟುಕೊಂಡಿರುವ ನಿವೃತ್ತ ಡ್ರಿಲ್ ಮೇಷ್ಟ್ರು ನಲ್ಲೂರಿನಲ್ಲಿ ನಾನೊಬ್ಬನೇ ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದ್ದೇನೆ. ಕೊಳವೆಂದರೆ ಎದೆಮಟ್ಟದ ಸಿಮೆಂಟ್ ತೊಟ್ಟಿ, ಅಷ್ಟೆ. ಹೆಂಡತಿ ಗಿರಿಜೆಯ ಮಂಡಿ ಆಪರೇಷನ್ ಆಗಿ ಗಾಯ ಮಾಗಿದ ಮೇಲೆ ಡಾಕ್ಟರು, "ದಿನಾ ನೀರಿನಲ್ಲಿ ನಡೆಸಿ, ಇಲ್ಲದಿದ್ದರೆ ಕಾಲು ಬಿಗಿದುಕೊಳ್ಳುತ್ತೆ" ಎಂದಿದ್ದರು. ಅವಳು ಸಲೀಸಾಗಿ ಇಳಿಯಲೆಂದು ಮೆಟ್ಟಿಲ ಬದಲು ಇಳಿಜಾರು ಮಾಡಿಸಿದೆ. ಒಂದು ಬೆಳಿಗ್ಗೆ ನೋಡಿದರೆ ಅದೇ ಇಳಿಜಾರಿನಲ್ಲಿ ಕಾಡುಹಂದಿಗಳ ಸಂಸಾರವೊಂದು ಸಲೀಸಾಗಿ ಇಳಿದು, ಮಿಂದು, ಮಾಡಬಾರದ್ದನ್ನೂ ಮಾಡಿ ಹೋಗಿತ್ತು. ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತ್ತು.

ನಮ್ಮ ಬೀದಿಯವರು ಒಳ್ಳೆಯವರು. ಮೈಲಿಗೆ ಎಂದು ಕಿವಿಗೆ ಬಿದ್ದರೆ ಸುಮ್ಮನೆ ಕೂರುವವರಲ್ಲ. ಎದುರುಮನೆ ಬಸಮ್ಮಜ್ಜಿ ಒಂದು ಚೊಂಬು ಗೋಮೂತ್ರ ತಂದು ಸುರಿದರು. ಪಕ್ಕದ ಮನೆಯಾಕೆ ಬಟ್ಟಲು ತುಂಬ ಅರಿಶಿನ ಕದಡಿದರು. ಮೂಲೆಮನೆಯವರು, ಹೊನ್ನಾಳಿಗೆ ಹೋದಾಗ ಹಿಡಿದು ತಂದು ದೇವರ ಮುಂದೆ ಇಟ್ಟಿದ್ದ ಹೊಳೆನೀರಿನ ಬಾಟಲಿಯನ್ನೇ ಬಗ್ಗಿಸಿದರು. ನಾನೇನು ಕಮ್ಮಿ? ಒಂದು ಬಕೆಟ್ ಸುಣ್ಣದ ತಿಳಿ ಸುರಿದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿ ಹಿಡಿದ ಯಾವ ಹೆಣ್ಣುಮಗುವನ್ನು ಕೇಳಿದರೂ ಹೇಳುತ್ತದೆ. ನನಗೆ ಹೊಳೆಯಲಿಲ್ಲ. ಕೊಳವೆಲ್ಲ ಕೆಂಪು ಓಕುಳಿಯಾಯಿತು.

ಗಿರಿಜೆ ಕೋಲು ಊರಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮುಖ ಸಣ್ಣದಾಯಿತು. "ಇನ್ನು ನಡಿಯಾದು ಹೆಂಗ್ರೀ? ಕಾಲು ಮತ್ತೆ ಬಿಗಿತೈತೆ" ಎಂದಳು.

ಊರ ನೀರಿನ ಟ್ಯಾಂಕು ನೋಡಿಕೊಳ್ಳುವ ನೀರುಗಂಟಿ ಹಾಲೇಶಪ್ಪನನ್ನು ಕರೆತಂದೆ. ಅವನು ಕೊಳವನ್ನೂ ನನ್ನನ್ನೂ ಒಂದೊಂದು ಸಲ ನೋಡಿದ.

"ಮೇಷ್ಟ್ರೇ, ಹಂದಿ ಮಾಡಿದ್ದಕ್ಕಿಂತ ನೀವು ಮಾಡಿದ್ದೇ ಜಾಸ್ತಿ ಆಗೇತಲ್ರೀ! ಪೂರಾ ಖಾಲಿ ಮಾಡಿ, ತಿಕ್ಕಿ ತೊಳ್ದು, ಬ್ಲೀಚಿಂಗ್ ಪುಡಿ ಹಾಕಿ, ಬಿಸಿಲಿಗೆ ಒಣಗಾಕೆ ಬಿಡಬೇಕು. ನಾಕು ದಿನ ಯಾರೂ ಇಳಿಯಾಂಗಿಲ್ಲ."

ಹೇಳಿ ಹೋಗಲಿಲ್ಲ, ಪುಣ್ಯಾತ್ಮ. ರಬ್ಬರ್ ಬೂಟು ತೊಟ್ಟು ತಾನೇ ಇಳಿದು ಮಧ್ಯಾಹ್ನದವರೆಗೆ ತಿಕ್ಕಿದ. "ಅಕ್ಕೋರ ಕಾಲಿನ ಕೆಲ್ಸ ಇದು" ಎಂದ. ಅಂಥವನ ಋಣ ತೀರಿಸಲಾಗದು.

ಮೂರನೆಯ ದಿನ ಒಣಗುತ್ತಿದ್ದ ತೊಟ್ಟಿ ಕಾಯುತ್ತಿದ್ದ ನಾನು ಮನೆಯೊಳಗೆ ಬಂದರೆ ಗಿರಿಜೆ ಕಾಣಲಿಲ್ಲ. ಕೋಲು ಮಾತ್ರ ಬಾಗಿಲ ಮೂಲೆಯಲ್ಲಿತ್ತು. ಬೀದಿಗೆ ಓಡಿದರೆ ಅವಳು ಮೂಲೆಮನೆಯಿಂದ ನಿಧಾನಕ್ಕೆ ನಡೆದು ಬರುತ್ತಿದ್ದಾಳೆ! ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂದು ಚೊಂಬು, ಬಟ್ಟಲು, ಬಾಟಲಿಗಳಿಗೆ ಒಗ್ಗರಣೆ ಮಂಡಕ್ಕಿ ತುಂಬಿ ಕೊಟ್ಟು ಬಂದಿದ್ದಳು. ಗೋಮೂತ್ರದ ಚೊಂಬನ್ನು ಮೂರು ಸಲ ಬೆಳಗಿದ್ದಳಂತೆ. ಕೈತುಂಬ ಪಾತ್ರೆ ಇದ್ದಮೇಲೆ ಕೋಲು ಹಿಡಿಯುವುದೆಲ್ಲಿ?

ನನಗೆ ಕಣ್ಣು ತುಂಬಿ ಬಂತು. "ನೀರಿಲ್ಲದೆಯೂ ನಡೆದುಬಿಟ್ಟೆಯಲ್ಲೇ!"

"ನೀರಾಗೆ ನಡಿವಾಗ ನೀವು ದಡದಾಗೆ ನಿಂತು ಲೆಫ್ಟ್ ರೈಟ್ ಅಂತ ಸೀಟಿ ಊದ್ತಿದ್ರಿ. ಅದಕ್ಕೇ ಕಾಲು ತಪ್ತಿತ್ತು. ಬೀದ್ಯಾಗೆ ಯಾರೂ ಊದ್ಲಿಲ್ಲ ನೋಡ್ರಿ."

ಹಾಲೇಶಪ್ಪನಿಗೆ, ಬೀದಿಯವರಿಗೆ, ಆ ಹಂದಿಗಳಿಗೂ ಮನಸ್ಸಿನಲ್ಲೇ ಕೈಮುಗಿದೆ. ಈಗ ಕೊಳದಲ್ಲಿ ತಿಳಿನೀರಿದೆ, ಸುತ್ತ ಗಟ್ಟಿ ಬೇಲಿಯಿದೆ. ಗಿರಿಜೆ ಇಳಿಯುವ ಮುಂಚೆ ಗೇಟಿನ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುತ್ತಾಳೆ. ಟವೆಲ್ ಹಿಡಿದು ಹೊರಗೆ ನಿಲ್ಲುವ ನನ್ನನ್ನು ಯಾವ ಪ್ರಾಣಿಯ ಲೆಕ್ಕಕ್ಕೆ ಸೇರಿಸಿದ್ದಾಳೋ, ಕೇಳುವ ಧೈರ್ಯ ಮಾಡಿಲ್ಲ.