ಕ್ಯಾಪ್ಟನ್ ಹ್ಯಾಸ್ಕಿನ್‌ಗೆ ಸ್ನಾನ

ಎಲ್ಬರ್ಟ್ ನೀಮಾಯರ್ ಆ ಮಂಗಳವಾರ ಬೆಳಗಿನ ತಿಂಡಿಯ ಮೇಜಿನಿಂದ ಎದ್ದು ನಿಂತು, ಕೈಯಲ್ಲಿದ್ದ ಟೋಸ್ಟನ್ನು ರಾಜದಂಡದ ಹಾಗೆ ಎತ್ತಿ ಹಿಡಿದು ಘೋಷಣೆ ಹೊರಡಿಸಿದ.

"ವರ್ನಾ, ಕಾಲ ಅನ್ನೋದು ಜಗತ್ತಿನಲ್ಲಿ ಎಲ್ಲಾನೂ ಹಳದಿ ಮಾಡತ್ತೆ. ಈ ಮನೇಲಿ ಇನ್ನುಮುಂದೆ ಅದರ ಆಟ ನಡೆಯಲ್ಲ."

"ಹಾಗಾದ್ರೆ ಸಿಂಕ್‌ನಿಂದ ಶುರು ಮಾಡು," ಅಂದಳು ಹೆಂಡತಿ, ಪತ್ರಿಕೆಯಿಂದ ತಲೆ ಎತ್ತದೆ.

ಆದರೆ ಎಲ್ಬರ್ಟ್ ಹೇಳುತ್ತಿದ್ದದ್ದು ಸಿಂಕಿನ ವಿಷಯವಲ್ಲ, ಕ್ಯಾಪ್ಟನ್ ಹ್ಯಾಸ್ಕಿನ್‌ನ ವಿಷಯ. ಎಲ್ಬರ್ಟ್ ಹುಡುಗನಾಗಿದ್ದಾಗ ಒಹಾಯೋದ ತನ್ನ ಸಣ್ಣ ಊರಿಗೆ ಬರುತ್ತಿದ್ದ ದಿನಪತ್ರಿಕೆಯಲ್ಲಿ, ದಿನಕ್ಕೊಂದು ಕಾಮಿಕ್ಸ್ ಚಿತ್ರಪಟ್ಟಿಯಂತೆ, ಆ ನಾವಿಕನ ಸಾಹಸಕಥೆ ಪ್ರಕಟವಾಗುತ್ತಿತ್ತು. ಪ್ರತಿ ಪಟ್ಟಿಯ ಕೊನೆಯಲ್ಲೂ ಕ್ಯಾಪ್ಟನ್ ಸಾಯುವ ಸ್ಥಿತಿಗೆ ಬರುತ್ತಿದ್ದ, ಮರುದಿನ ಬೆಳಿಗ್ಗೆ ಬದುಕಿಕೊಳ್ಳುತ್ತಿದ್ದ. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಿಂದ ನಿವೃತ್ತನಾದ ಮೇಲೆ ಎಲ್ಬರ್ಟ್ ಊರೂರಿನ ಅಟ್ಟಗಳನ್ನು, ಗ್ರಂಥಾಲಯಗಳು ಹೊರಗೆಸೆದ ಹಳೆಯ ಸಂಪುಟಗಳನ್ನು, ತೀರಿಕೊಂಡವರ ಮನೆಯ ಹರಾಜುಗಳನ್ನು ಜಾಲಾಡಿ, 'ಹವಳದ ಬಂಡೆ' ಎಂಬ ಇಡೀ ಕಥೆಯನ್ನು ಒಂದು ಪಟ್ಟಿಯೂ ತಪ್ಪದಂತೆ ಕೂಡಿಸಿದ್ದ. ದೇಶದಲ್ಲಿ ಬೇರೆ ಯಾರ ಬಳಿಯೂ ಅದು ಪೂರ್ತಿ ಇರಲಿಲ್ಲ. ಚಿತ್ರಗಳನ್ನು ಪತ್ರಿಕೆಗಳಿಗೆ ಹಂಚುತ್ತಿದ್ದ ಕಚೇರಿಯವರು ಮೂಲಪ್ರತಿಗಳನ್ನು ಯಾವತ್ತೋ ಕಸಕ್ಕೆ ಹಾಕಿದ್ದರು. ಅದನ್ನು ಬರೆದ ಡೆಲ್ಮರ್ ಕ್ವೈನ್ ಅವರ ಬಳಿಯೇ ಒಂದು ತುಣುಕೂ ಇರಲಿಲ್ಲ.

ಆ ಕ್ವೈನ್, ಎಂಬತ್ತು ದಾಟಿದವರು, ಈ ಶನಿವಾರ ಬಸ್ಸಿನಲ್ಲಿ ಎಲ್ಬರ್ಟ್‌ನ ಮನೆಗೇ ಬರುವವರಿದ್ದರು. ಪ್ರಕಾಶಕರೊಬ್ಬರು ಪುಸ್ತಕ ತರಲು ಒಪ್ಪಿದ್ದರು. ಪಟ್ಟಿಗಳು ಅಚ್ಚಿಗೆ ಯೋಗ್ಯವಾಗಿವೆ ಎಂದು ಕ್ವೈನ್ ನೋಡಿ ಹೇಳಿದರೆ ಕ್ಯಾಪ್ಟನ್ ಮತ್ತೆ ಹುಟ್ಟಿದ ಹಾಗೆ. ಇಲ್ಲವಾದರೆ ಅಲ್ಲಿಗೆ ಅವನ ಕಥೆ ಮುಗಿದ ಹಾಗೆ. ಪಟ್ಟಿಗಳೋ, ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು.

"ಕಾಗದದಲ್ಲಿ ಆಮ್ಲ ಇದೆ," ಎಂದು ಎಲ್ಬರ್ಟ್ ವಿವರಿಸಿದ. "ಅದನ್ನ ಕೊಲ್ಲಬೇಕು. ಮೆಗ್ನೀಷಿಯಾ ಹಾಲನ್ನ ಸೋಡಾ ನೀರಲ್ಲಿ ಕರಗಿಸಿ, ಒಂದು ರಾತ್ರಿ ತಣ್ಣಗಿಟ್ಟು, ಅದರಲ್ಲಿ ಪಟ್ಟಿಗಳನ್ನ ನೆನೆಸಬೇಕು. ಇನ್ನೂ ನೂರು ವರ್ಷ ಬದುಕತ್ತೆ."

"ಮೆಗ್ನೀಷಿಯಾ ಹಾಲು ಅಂದ್ರೆ, ಹೊಟ್ಟೆ ಕಟ್ಟಿದಾಗ ಕುಡಿಯೋದಾ?"

"ವಿಜ್ಞಾನಕ್ಕೆ ಹೊಟ್ಟೆ, ಕಾಗದ ಅನ್ನೋ ಭೇದ ಇಲ್ಲ."

ಔಷಧದ ಅಂಗಡಿಯ ಹೋಲಿಸ್‌ಗೆ ಮಾತ್ರ ಆ ಭೇದ ಇತ್ತು. ಎಲ್ಬರ್ಟ್ ಕಪಾಟಿನತ್ತ ಕೈ ತೋರಿಸಿ, "ಮೆಗ್ನೀಷಿಯಾ ಎಷ್ಟಿದೆಯೋ ಅಷ್ಟೂ ಕೊಡು," ಅಂದಾಗ ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಅಷ್ಟೂ?"

"ಸಾಲದಿದ್ರೆ ಪಕ್ಕದ ಊರಿಂದ ತರಿಸು. ಒಂದೇ ಸಲಕ್ಕೆ ಬೇಕು."

ಹೋಲಿಸ್ ದನಿ ತಗ್ಗಿಸಿದ. "ಎಷ್ಟು ದಿನದಿಂದ ಹೀಗೆ, ಎಲ್ಬರ್ಟ್?"

"ದಿನವಾ? ಐವತ್ತು ವರ್ಷದಿಂದ ಹಾಗೇ ಕೂತಿದೆ," ಅಂದ ಎಲ್ಬರ್ಟ್, ಹೆಮ್ಮೆಯಿಂದ.

ಬುಧವಾರ ಸಂಜೆ ಚರ್ಚಿನ ಪ್ರಾರ್ಥನೆಗೆ ಹೋಗಿದ್ದ ವರ್ನಾ ಮನೆಗೆ ಬಂದು ಕೋಟನ್ನೂ ಬಿಚ್ಚದೆ ಗಂಡನ ಮುಂದೆ ನಿಂತಳು.

"ಪಾದ್ರಿಗಳು ಇವತ್ತು ನಿನಗೋಸ್ಕರ ಪ್ರಾರ್ಥನೆ ಮಾಡಿಸಿದರು."

"ಸಂಗ್ರಹದ ವಿಷಯ ಅವರಿಗೂ ಗೊತ್ತಾಯ್ತಾ?"

"'ಹೇಳಿಕೊಳ್ಳಲಾಗದೆ ಒಳಗೊಳಗೇ ನರಳುತ್ತಿರುವ ನಮ್ಮ ಸಹೋದರ ಎಲ್ಬರ್ಟ್‌ಗೆ ಬೇಗ ಬಿಡುಗಡೆ ಸಿಗಲಿ' ಅಂದರು. ಇಡೀ ಸಭೆ ಆಮೆನ್ ಅಂತು. ನಾನೂ ಅನ್ನಬೇಕಾಯ್ತು."

ಮಹಾಕಾರ್ಯ ಕೈಗೆತ್ತಿಕೊಂಡವನು ಇಂಥ ಸಣ್ಣ ಮಾತಿಗೆಲ್ಲ ಕಿವಿಗೊಡುವುದಿಲ್ಲ. ಗುರುವಾರ ಎಲ್ಬರ್ಟ್ ಕತ್ತರಿ ಹಿಡಿದು ಪ್ರತಿ ಪಟ್ಟಿಯ ಮುರುಕಲು ಅಂಚನ್ನು ನೇರವಾಗಿ ಕತ್ತರಿಸಿದ. ಆಲ್ಬಂನಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿ ಕಾಣಬೇಕಲ್ಲ.

"ಅಂಚಲ್ಲಿ ತಾರೀಕಿತ್ತಲ್ವಾ?" ಎಂದು ವರ್ನಾ ಕೇಳಿದಳು.

"ತಾರೀಕು ಬೇಕಾಗೋದು ಕಥೆ ಗೊತ್ತಿಲ್ಲದವರಿಗೆ," ಎಂದು ಎಲ್ಬರ್ಟ್ ತನ್ನ ಹಣೆಯನ್ನು ಬೆರಳಿಂದ ತಟ್ಟಿದ. "ಕ್ರಮ ಪೂರ್ತಿ ಇಲ್ಲಿದೆ."

ಶುಕ್ರವಾರ ಸ್ನಾನದ ತೊಟ್ಟಿಯಲ್ಲಿ ಕ್ಯಾಪ್ಟನ್ ಹ್ಯಾಸ್ಕಿನ್ ಮುಳುಗಿದ. ಕಿಟಕಿಯಿಂದ ಬಿಚ್ಚಿ ತಂದ ಸೊಳ್ಳೆಜಾಲರಿಯ ಮೇಲೆ ಪಟ್ಟಿಗಳನ್ನು ಮಲಗಿಸಿ, ನೀರಿಗಿಳಿಸಿ, ಗಂಟೆಯಾದ ಮೇಲೆ ಎತ್ತಿ, ಹತ್ತಿಬಟ್ಟೆಯ ನಡುವೆ ಒತ್ತಿ ಇಟ್ಟದ್ದಾಯಿತು. ಮನೆಯವರ ಸ್ನಾನ ಆ ದಿನ ಅಡುಗೆಮನೆಯ ಸಿಂಕಿನಲ್ಲಿ, ಕಂತಿನಲ್ಲಿ ನಡೆಯಿತು. ಆದರೆ ಶನಿವಾರ ಬೆಳಿಗ್ಗೆ ನೋಡಿದರೆ, ಏನು ಹೇಳುವುದು! ಕಾಗದ ಬಾಳೆದಿಂಡಿನಷ್ಟು ಬೆಳ್ಳಗೆ, ಮಡಚಿದರೂ ಮುರಿಯದಷ್ಟು ಮೆತ್ತಗೆ ಆಗಿತ್ತು. ಶಾಯಿ ಒಂದು ಚುಕ್ಕೆಯೂ ಕದಲಿರಲಿಲ್ಲ. ಎಲ್ಬರ್ಟ್ ಹಿತ್ತಲಿನ ಬಟ್ಟೆ ಹಗ್ಗಗಳ ಮೇಲೆ ಪಟ್ಟಿಗಳನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಕ್ಲಿಪ್ ಹಾಕಿ ನೇತುಹಾಕಿದ. ಪೂರ್ತಿ ಒಣಗಿದ ಮೇಲೆ ಆಲ್ಬಂನ ಮೂಲೆಗಳಿಗೆ ಸಿಕ್ಕಿಸುವುದಷ್ಟೇ ಬಾಕಿ.

"ನಾನು ಕ್ವೈನ್ ಅವರನ್ನ ಕರ್ಕೊಂಡು ಬರ್ತೀನಿ. ಇವನ್ನ ಯಾರೂ ಮುಟ್ಟಬಾರದು," ಎಂದು ಅಪ್ಪಣೆ ಕೊಟ್ಟು ಕಾರು ಹತ್ತಿದ.

ಬಸ್ಸು ತಡವಾಗಿ ಬಂತು. ಆ ಹೊತ್ತಿನಲ್ಲಿ ಮನೆಯಲ್ಲಿ ನಡೆದದ್ದನ್ನು ವರ್ನಾ ಆಮೇಲೆ ಒಂದೊಂದು ಸಲ ಒಂದೊಂದು ರೀತಿ ಹೇಳಿದಳು. ಎಲ್ಲವನ್ನೂ ಕೂಡಿಸಿದರೆ ಹೀಗೆ.

ಚರ್ಚಿನ ಒಪಾಲ್ ಮತ್ತು ಹೆಸ್ಟರ್ ರೋಗಿಯನ್ನು ನೋಡಲು ಬಂದರು. ಒಪಾಲ್ ಕೈಯಲ್ಲಿ ಹೊಟ್ಟೆ ಸಲೀಸು ಮಾಡುವ ಒಣ ಪ್ಲಮ್ ಹಣ್ಣಿನ ಕೇಕು, ಹೆಸ್ಟರ್ ಕೈಯಲ್ಲಿ ಬೇಯಿಸಿದ ಒಣ ಪ್ಲಮ್ ಹಣ್ಣಿನ ದೊಡ್ಡ ಬೋಗುಣಿ. ರೋಗಿ ಕಾರು ಓಡಿಸಿಕೊಂಡು ಹೋದ ಎಂದು ಕೇಳಿ ಇಬ್ಬರೂ ದೇವರನ್ನು ಸ್ತುತಿಸಿದರು. ಅಷ್ಟರಲ್ಲಿ ಏಪ್ರಿಲ್ ತಿಂಗಳ ಗಾಳಿ ಎದ್ದಿತು. ಹಗ್ಗವೊಂದು ತುಂಡಾಯಿತು, ಇನ್ನೊಂದು ಅದರ ಹಿಂದೆ ಹೋಯಿತು. ಕ್ಯಾಪ್ಟನ್ ಹ್ಯಾಸ್ಕಿನ್ ಬೇಲಿ ಹಾರಿದ, ಕೋಳಿಗೂಡಿನ ಮೇಲೆ ಇಳಿದ, ಸೇಬಿನ ಮರ ಏರಿದ. ಮೂವರು ಹೆಂಗಸರು ಟೋಪಿ ಕಳೆದುಕೊಂಡು ಅವನ ಹಿಂದೆ ಓಡಿದರು. ಒಂದೂ ಹರಿಯದೆ, ಒಂದೂ ಕಳೆಯದೆ ಪಟ್ಟಿಗಳೆಲ್ಲ ಬಟ್ಟೆಯ ಬುಟ್ಟಿಗೆ ಬಂದವು, ಕಲಸಿದ ಇಸ್ಪೀಟಿನ ಹಾಗೆ.

"ಈಗ ಇದನ್ನ ಜೋಡಿಸೋದು ಹೇಗೆ? ತಾರೀಕೆಲ್ಲ ಕತ್ತರಿಸಿದಾನೆ," ಅಂದಳು ವರ್ನಾ.

"ಕಥೆ ತಾನೇ? ಓದಿ ಜೋಡಿಸೋದು," ಅಂದಳು ಒಪಾಲ್. ಕೇಕ್ ಕತ್ತರಿಸಿದಳು. ಮೂವರೂ ನೆಲದ ಮೇಲೆ ಕೂತರು.

ಬಿರುಗಾಳಿ, ತಿಮಿಂಗಿಲ, ಮುತ್ತಿನ ಕಳ್ಳರು, ಒಂದರ ಹಿಂದೊಂದು ಸಲೀಸಾಗಿ ಕೂತವು. ಜಗಳ ಎದ್ದದ್ದು ಒಂದೇ ಪಟ್ಟಿಗೆ. ಅದರಲ್ಲಿ ಮಾತೇ ಇಲ್ಲ. ಬಂದರಿನ ಕಟ್ಟೆಯ ಮೇಲೆ ಕ್ಯಾಪ್ಟನ್ ಒಬ್ಬ ಹುಡುಗಿಯನ್ನು ತಬ್ಬಿಕೊಂಡು ನಿಂತಿದ್ದಾನೆ, ಅಷ್ಟೆ.

"ಇದು ಮೊದಲಿಗೆ. ಬೀಳ್ಕೊಡ್ತಿದಾಳೆ," ಅಂದಳು ಹೆಸ್ಟರ್.

"ಕಣ್ಣಿಟ್ಟು ನೋಡು," ಅಂದಳು ವರ್ನಾ. "ಅವನ ಚೀಲ ನೆಲದ ಮೇಲಿದೆ. ಹೊರಡೋ ಗಂಡಸು ಚೀಲ ಕೆಳಗಿಡಲ್ಲ, ಹೆಗಲ ಮೇಲೆ ಹಾಕ್ಕೊಂಡೇ ಕಾಲು ಬದಲಾಯಿಸ್ತಿರ್ತಾನೆ. ಮನೆಗೆ ಬಂದವನು ಮಾತ್ರ ಕಂಡ ಕಂಡಲ್ಲಿ ಎಸೀತಾನೆ. ಇದು ಕೊನೇಲಿ."

ಮದುವೆಯಾದ ಮೂವರಿಗೂ ಈ ತರ್ಕದಲ್ಲಿ ದೋಷ ಕಾಣಲಿಲ್ಲ. ಅದು ಕೊನೆಗೆ ಹೋಯಿತು. ಕ್ಯಾಪ್ಟನ್ ಒಂಟಿಯಾಗಿ ಹಡಗಿನೊಂದಿಗೆ ಮುಳುಗುವ ಪಟ್ಟಿಯನ್ನು ನಡುವಿಗೆ ತಂದು, "ಆಮೇಲೆ ಈಜಿದ," ಎಂದು ತೀರ್ಮಾನಿಸಿದರು. ಈಜುವ ಪಟ್ಟಿಗೇನು, ಬೇಕಾದಷ್ಟಿದ್ದವು.

ಎಲ್ಬರ್ಟ್ ಬಾಗಿಲು ತೆರೆದು, "ಇವರೇ ಡೆಲ್ಮರ್ ಕ್ವೈನ್," ಎಂದು ಹೇಳಿ ಮುಗಿಸುವುದರೊಳಗೆ ಒಪಾಲ್ ಪಟ್ಟಿಗಳನ್ನೆಲ್ಲ ಸಿಕ್ಕಿಸಿದ ಆಲ್ಬಂ ತಂದು ಮುದುಕರ ತೊಡೆಯ ಮೇಲಿಟ್ಟಾಗಿತ್ತು. ಎಲ್ಬರ್ಟ್ ಅವರ ಹೆಗಲ ಮೇಲಿಂದ ಬಾಗಿ ಮೊದಲ ಪುಟ ನೋಡಿದ. ಬಿರುಗಾಳಿ. ಅಲ್ಲಿ ಇರಬೇಕಾದದ್ದು ಕಟ್ಟೆಯ ಮೇಲಿನ ಅಪ್ಪುಗೆ. ಎರಡನೆಯ ಪುಟದಲ್ಲೂ ಅದಿರಲಿಲ್ಲ.

"ವರ್ನಾ," ಎಂದು ಪಿಸುಗುಟ್ಟಿದ, "ಏನ್ ಮಾಡಿಟ್ಟಿದೀಯ?"

"ಜೋಡಿಸಿದೀವಿ. ಸುಮ್ನೆ ಕೂತ್ಕೋ. ಕೇಕ್ ತಿನ್ನು, ನಿನಗಂತಲೇ ತಂದಿದಾರೆ."

ಕ್ವೈನ್ ಬೆರಳಿಂದ ಕಾಗದ ಸವರಿ, ಬೆಳಕಿಗೆ ಹಿಡಿದು ನೋಡಿ, "ನಾನು ಬರೆದ ದಿನವೂ ಇಷ್ಟು ಬೆಳ್ಳಗಿರಲಿಲ್ಲ," ಅಂದರು. ಎಲ್ಬರ್ಟ್‌ಗೆ ಅರ್ಧ ಜೀವ ಬಂತು. ಅವರು ಓದತೊಡಗಿದಾಗ ಬಂದ ಅರ್ಧವೂ ಹೋಯಿತು. ಅವರು ಒಂದು ಕಡೆ ಹುಬ್ಬು ಗಂಟಿಕ್ಕಿದರು, ಹಿಂದಿನ ಪುಟಕ್ಕೆ ಹೋಗಿ ಬಂದರು, ಹಡಗು ಮುಳುಗುವಲ್ಲಿ ತಡೆದು ನಿಂತರು. ಎಲ್ಬರ್ಟ್ ಬಾಯಿ ತೆರೆದ. ವರ್ನಾ ಅದಕ್ಕೆ ಕೇಕ್ ಇಟ್ಟಳು. ಕೊನೆಯ ಪುಟದಲ್ಲಿ, ಕಟ್ಟೆಯ ಮೇಲಿನ ಆ ಮಾತಿಲ್ಲದ ಅಪ್ಪುಗೆಗೆ ಬಂದಾಗ, ಮುದುಕರು ನೆಲದ ಮೇಲಿದ್ದ ಚೀಲದ ಚಿತ್ರವನ್ನು ಬೆರಳಿಂದ ಮುಟ್ಟಿದರು.

"ಇದನ್ನ ಜೋಡಿಸಿದ್ದು ಯಾರು?"

"ಗಾಳಿ ಬಂದಿತ್ತು, ಸರ್..." ಎಂದು ಎಲ್ಬರ್ಟ್ ಶುರು ಮಾಡಿದ, ಕೇಕಿನ ನಡುವೆ.

"ನಾವು ಮೂರು ಜನ," ಅಂದಳು ಒಪಾಲ್. "ಯಾಕೆ, ತಪ್ಪಾಗಿದೆಯಾ?"

"ತಪ್ಪಾಗಿದ್ದು ನಂದು," ಅಂದರು ಕ್ವೈನ್. "ಮದುವೆಯಾಗೋ ಸಾಹಸಿಯ ಕಥೇನ ಜನ ಓದಲ್ಲ ಅಂತ ಆಗ ಕಚೇರಿಯವರು ಹೇಳಿದರು. ನಾನು ಅವನನ್ನ ಮುಳುಗಿಸಿದೆ, ಈ ಹುಡುಗಿನ ಕಟ್ಟೆ ಮೇಲೇ ಬಿಟ್ಟೆ. ನನ್ನ ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು. ಅವನು ವಾಪಸ್ ಬರೋಕೆ ಒಂದು ಗೆರೆನೂ ಹೊಸದಾಗಿ ಬೇಕಿರಲಿಲ್ಲ ಅಂತ ನನಗೆ ಹೊಳೀಲೇ ಇಲ್ಲ ನೋಡಿ." ಆಲ್ಬಂ ಮುಚ್ಚಿ ಅದರ ಮೇಲೆ ಕೈಯಿಟ್ಟರು. "ಪುಸ್ತಕ ಇದರಿಂದಲೇ ಆಗತ್ತೆ. ಹೀಗೇ ಆಗತ್ತೆ."

"ಆದ್ರೆ ಮೂಲದ ಕ್ರಮ..." ಅಂದ ಎಲ್ಬರ್ಟ್.

"ಅದನ್ನ ಕೊನೇಲಿ ಸಣ್ಣಕ್ಷರದಲ್ಲಿ ಹಾಕಿಸೋಣ, ನಿಮ್ಮ ಹೆಸರಿನ ಜೊತೆ," ಎಂದು ಕ್ವೈನ್ ಸಮಾಧಾನ ಮಾಡಿ, ಹೆಂಗಸರ ಕಡೆ ತಿರುಗಿದರು. "ಜ್ವಾಲಾಮುಖಿ ಅಂತ ಇನ್ನೊಂದು ಕಥೆ ಇದೆ. ಅದರ ಕೊನೆ ಇದಕ್ಕಿಂತ ಕೆಟ್ಟದಾಗಿದೆ. ಅದನ್ನೂ ಹೀಗೇ ಜೋಡಿಸೋಕೆ ಸಾಧ್ಯವಾ?"

"ಅದೂ ಎಲ್ಬರ್ಟ್ ಹತ್ತಿರ ಇದೆ," ಅಂದಳು ವರ್ನಾ.

ಇಡೀ ದೇಶದಲ್ಲಿ ಅದು ಪೂರ್ತಿಯಾಗಿ ಇದ್ದದ್ದೂ ಅವನ ಬಳಿಯೇ. ಗೆಲುವು ತನ್ನದೇ ಎಂಬುದರಲ್ಲಿ ಎಲ್ಬರ್ಟ್‌ಗೆ ಸಂಶಯ ಇರಲಿಲ್ಲ. ಕಪಾಟು ತೆರೆದು ಜ್ವಾಲಾಮುಖಿಯ ಪೆಟ್ಟಿಗೆ ಇಳಿಸಿ, ಸ್ನಾನದ ಮನೆಯ ಕಡೆ ನಡೆದ. ಹಿಂದಿನಿಂದ ಹೆಂಡತಿಯ ದನಿ ಬಂತು.

"ಎಲ್ಬರ್ಟ್, ಕ್ರಮವಾಗಿ ನೇತುಹಾಕೋ ತೊಂದರೆ ತಗೋಬೇಡ. ತೊಳೆದು ಬುಟ್ಟಿಗೆ ಹಾಕಿಡು, ಸಾಕು."