ಗುರುವಾರದ ಗಿಟಾರು

ಮನುಷ್ಯನಿಗೆ ತನ್ನ ಅಭಿರುಚಿಯ ವಿಷಯದಲ್ಲಿ ಸ್ವಲ್ಪವಾದರೂ ಮೊಂಡುತನ ಇರಬೇಕು ಎಂಬುದು ನನ್ನ ನಂಬಿಕೆ. ಹಾಗಲಕಾಯಿ ಗೊಜ್ಜು ಸೇರದಿದ್ದರೂ ಹೆಂಡತಿಯ ಮುಂದೆ ಚಪ್ಪರಿಸಿ ತಿನ್ನಬಹುದು. ಮ್ಯಾನೇಜರರ ಹಾಸ್ಯಕ್ಕೆ ನಗು ಬಾರದಿದ್ದರೂ ಹಲ್ಲು ಕಿರಿಯಬಹುದು. ಸಂಸಾರ, ಹೊಟ್ಟೆಪಾಡು, ನಡೆಯುತ್ತದೆ. ಆದರೆ ಕಿವಿಗೆ ಹಿತವಾದದ್ದನ್ನು ಮಾತ್ರ ಯಾರ ಮುಲಾಜಿಗೂ ಬಿಟ್ಟುಕೊಡಬಾರದು. ಇಷ್ಟು ದೊಡ್ಡ ಮಾತು ಆಡುತ್ತಿರುವ ನಾನು ಬಹರೈನಿನ ಸಲ್ಮಾಬಾದಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಒಂದು ಕಂಪೆನಿಯ ಅಕೌಂಟೆಂಟು. ಐವತ್ತು ದಾಟಿದೆ, ತಲೆ ಬೋಳಾಗುತ್ತ ಬಂದಿದೆ, ಹೊಟ್ಟೆ ಹೇಳಿದ ಮಾತು ಕೇಳುವುದಿಲ್ಲ. ನನ್ನನ್ನು ನೋಡಿದವರು ಭಜನೆಯಲ್ಲಿ ತಾಳ ಹಾಕುವವನೆಂದು ತಿಳಿದಾರೇ ಹೊರತು ರಾಕ್ ಗಿಟಾರಿಗೆ ತಲೆ ಕುಣಿಸುವವನೆಂದು ಕನಸಿನಲ್ಲೂ ಊಹಿಸಲಾರರು.

ಕಾಲೇಜು ದಿನಗಳಿಂದಲೂ ನಾನು ಒಬ್ಬ ಗಿಟಾರುವಾದಕನ ಭಕ್ತ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೆ ಜಗಳಕ್ಕೆ ಬರುತ್ತೀರಿ. ಆಸಾಮಿ ಒಂಥರಾ ತಿಕ್ಕಲು. ವೇದಿಕೆಗೆ ಗಂಬೂಟು ಹಾಕಿಕೊಂಡು ಬರುತ್ತಾನೆ. ಗಿಟಾರಿಗೆ ಆರು ತಂತಿ ಹೆಚ್ಚಾಯಿತೆಂದು ಎರಡನ್ನು ಕಿತ್ತುಹಾಕಿದ್ದಾನೆ. ಒಮ್ಮೆ ಕಛೇರಿಯ ನಡುವೆ ಹಸಿವಾಯಿತೆಂದು ಎಲ್ಲರ ಎದುರೇ ಕೂತು ಸೂಪು ಕುಡಿದು, ಬಾಯಿ ಒರೆಸಿಕೊಂಡು, ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿದನಂತೆ. ಇಂಥವನು ಹಲವು ವರ್ಷ ಸುಮ್ಮನಿದ್ದು ಈಚೆಗೆ ಒಂದು ಹೊಸ ಆಲ್ಬಂ ಹೊರತಂದ. ಹನ್ನೆರಡು ಹಾಡು. ಕೆಲವನ್ನು ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಉಳಿದವನ್ನು ಕೇಳಿದರೂ ಬರುತ್ತದೆ, ಆದರೆ ಕಾರಣ ಬೇರೆ. ಅದರಲ್ಲೂ ಏಳನೆಯದು, ಮಾತಿಲ್ಲ, ರಾಗವಿಲ್ಲ, ಉದ್ದಕ್ಕೂ ಕಿರ್ರ್ ಎಂದು ಕಿರುಚುತ್ತದೆ, ನಡುನಡುವೆ ಕೆಮ್ಮುತ್ತದೆ, ಕೊನೆಗೆ ಯಾರಿಗೂ ಹೇಳದೆ ನಿಂತುಬಿಡುತ್ತದೆ.

ಈ ಆಲ್ಬಮ್ಮನ್ನು ಕೇಳಲು ನನಗಿದ್ದ ಜಾಗ ಒಂದೇ, ಹಮೀದ್ ಭಾಯ್ ಅವರ ಕಾರು. ಗುದೈಬಿಯಾದ ನಮ್ಮ ಫ್ಲ್ಯಾಟಿನ ಹಾಲು ಹೆಂಡತಿ ಶೈಲಜಳ ಧಾರಾವಾಹಿಗೆ ಮೀಸಲು, ಇರುವ ಒಂದು ಬೆಡ್‌ರೂಮು ಮಗಳ ಪರೀಕ್ಷೆಗೆ ಮೀಸಲು. ಅಡುಗೆಮನೆಯಲ್ಲಿ ಹಾಕಿದರೆ "ಮಿಕ್ಸಿಯ ಮೋಟಾರು ಹೋಯ್ತಾ ನೋಡಿ" ಎನ್ನುತ್ತಾಳೆ ಶೈಲಜ. ಇಯರ್‌ಫೋನು ಹಾಕಿಕೊಂಡರೆ ಸಂಸಾರದಲ್ಲಿ ಆಸಕ್ತಿಯಿಲ್ಲ ಎಂಬ ಆಪಾದನೆ. ಹಾಗಾಗಿ ಕಾರು. ಕಾರಿನಲ್ಲಿ ನಾವು ನಾಲ್ವರು. ಗಾಡಿಯ ಯಜಮಾನರು ಉಳ್ಳಾಲದ ಹಮೀದ್ ಭಾಯ್, ಸಲ್ಮಾಬಾದಿನಲ್ಲಿ ವಾಹನಗಳ ಬಿಡಿಭಾಗದ ಅಂಗಡಿ ನಡೆಸುವವರು. ಪಕ್ಕದ ಸೀಟಿನಲ್ಲಿ ಶಿರ್ವದ ಜೂಲಿಯಾನ ಬಾಯಿ, ದಾರಿಯಲ್ಲಿ ಸಿಗುವ ಈಸಾ ಟೌನಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಹಿಂದೆ ನಾನು, ನನ್ನ ಪಕ್ಕ ಬೆಂಗಳೂರಿನ ಪ್ರಸಾದ್, ನಮ್ಮ ಕಂಪೆನಿಯಲ್ಲೇ ಇಂಜಿನಿಯರು. ಬೆಳಗ್ಗಿನ ದಾರಿಯಲ್ಲಿ ಯಾರ ಹಾಡು ಕೇಳಬೇಕೆಂಬ ಜಗಳ ತಪ್ಪಿಸಲು ನಾವು ಬಹಳ ಹಿಂದೆಯೇ ವಾರ ಹಂಚಿಕೊಂಡಿದ್ದೇವೆ. ಇಲ್ಲಿ ವಾರ ಆರಂಭವಾಗುವುದು ಭಾನುವಾರ. ಅದು ಹಮೀದ್ ಭಾಯ್ ಅವರ ಹಳೆಯ ಹಿಂದಿ ಹಾಡುಗಳಿಗೆ. ಸೋಮವಾರ ಬಾಯಿಯವರ ಕೊಂಕಣಿ, ಮಂಗಳವಾರ ಪ್ರಸಾದನ ಕನ್ನಡ ಸಿನಿಮಾ. ಬುಧವಾರ ಮೌನ. ಆ ದಿನ ಮೊದಲು ನಮ್ಮೊಂದಿಗೆ ಇದೇ ಕಾರಿನಲ್ಲಿ ಬರುತ್ತಿದ್ದ ಭಟ್ರದ್ದಾಗಿತ್ತು. ಅವರು ತಾಳಮದ್ದಲೆ ಹಾಕುತ್ತಿದ್ದರು, ಅರ್ಥಧಾರಿಗಳ ವಾದ ಮುಗಿಯುವ ಮೊದಲೇ ಆಫೀಸು ಬಂದು, ಸಂಜೆಯವರೆಗೆ ಯಾರು ಗೆದ್ದರೋ ಎಂದು ತಲೆ ಕೆಡಿಸಿಕೊಂಡು ಕೂರಬೇಕಿತ್ತು. ಭಟ್ರು ಊರಿಗೆ ಹೋದ ಮೇಲೆ ಬುಧವಾರಕ್ಕೆ ವಾರಸುದಾರರಿಲ್ಲ. ಗುರುವಾರ ನನ್ನದು. ವಾರದಲ್ಲಿ ನನ್ನದೆಂದು ಹೇಳಿಕೊಳ್ಳಲು ನನಗಿದ್ದದ್ದು ಆ ಒಂದು ಬೆಳಗು ಮಾತ್ರ.

ಆಲ್ಬಂ ಹಾಕಿದ ಮೊದಲ ಗುರುವಾರವೇ ಎಡವಟ್ಟಾಯಿತು. ಸೆಖೆಯ ದಿನಗಳು, ಎ.ಸಿ. ಪೂರ್ತಿ ಇಟ್ಟರೂ ಬೆನ್ನು ಸೀಟಿಗೆ ಅಂಟುವ ಕಾಲ. ನನ್ನ ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿದೆ. ಟ್ರಾಫಿಕ್ಕು ಜಾಸ್ತಿಯಿದ್ದ ಕಾರಣ ಏಳನೆಯ ಹಾಡಿನವರೆಗೂ ಬಂದೆವು. ಅದು ಕಿರ್ರ್ ಎಂದದ್ದೇ ತಡ, ಹಮೀದ್ ಭಾಯ್ ಇಂಡಿಕೇಟರು ಹಾಕಿ ಗಾಡಿಯನ್ನು ರಸ್ತೆಯ ಬದಿಗೆ ತಂದು, ಇಂಜಿನ್ ಆರಿಸಿ, ಇಳಿದು ಬಾನೆಟ್ಟು ಎತ್ತಿದರು. ಇಂಜಿನ್ನಿನೊಂದಿಗೆ ಸ್ಪೀಕರೂ ಆರಿದ್ದರಿಂದ ಸದ್ದು ನಿಂತಿತ್ತು. ಬಿಸಿಲಲ್ಲಿ ಅಂಗಿ ಒದ್ದೆ ಮಾಡಿಕೊಂಡು ಒಂದೊಂದನ್ನೇ ಮುಟ್ಟಿ ನೋಡಿ ಬಂದು ಕೂತು "ಬೆಲ್ಟು ಖಲಾಸ್ ಮಾರಾಯ್ರೆ, ಇವತ್ತೇ ಬದಲಾಯಿಸ್ಬೇಕು" ಎಂದರು. ನಾನು ಗಂಟಲು ಸರಿಮಾಡಿಕೊಂಡು ಅದು ಬೆಲ್ಟಲ್ಲ, ಹಾಡು ಎಂದೆ. ಕಾರಿನಲ್ಲಿ ಬುಧವಾರ ಇಳಿದು ಬಂದಂತಾಯಿತು.

"ಸರ್, ಸೀರಿಯಸ್ಲಿ, ಇದು ಸಾಂಗಾ?" ಎಂದ ಪ್ರಸಾದ್. "ದೇವರೇ, ನಮ್ಮ ಡೆಂಟಲ್ ರೂಮಲ್ಲಿ ಸಹ ಇಷ್ಟು ಕಿರುಚುದಿಲ್ಲ" ಎಂದರು ಜೂಲಿಯಾನ ಬಾಯಿ. ಹಮೀದ್ ಭಾಯ್ ಮಾತ್ರ ನನ್ನ ಮಾತನ್ನು ನಂಬಲೇ ಇಲ್ಲ. ಆ ಸಂಜೆಯೇ ತಮ್ಮ ಅಂಗಡಿಯಿಂದಲೇ ಹೊಸ ಬೆಲ್ಟು ತೆಗೆದು ಹಾಕಿಸಿದರು. ಸರಿಯಾಗಿದ್ದ ಬೆಲ್ಟು ಹೋಗಿ ಅವರ ಕಪಾಟಿನಲ್ಲಿ ಬಹಳ ಕಾಲ ಬಿದ್ದಿದ್ದ ಬೆಲ್ಟು ಬಂತು. ಮುಂದಿನ ಗುರುವಾರ ಅದೇ ಸದ್ದು ಬಂದಾಗ ಮಾತ್ರ ಅವರಿಗೆ ವಿಷಯ ತಿಳಿಯಿತು, ಜೊತೆಗೆ ನನ್ನ ಮೇಲೆ ಕೋಪವೂ ಬಂತು. "ಇಪ್ಪತ್ತು ವರ್ಷದಿಂದ ಗಾಡಿಯ ಪಾರ್ಟ್ಸು ಮಾರ್ತಿದ್ದೇನೆ. ನನ್ನ ಮರ್ಯಾದೆ ತೆಗೆದ್ರಿ ನೀವು" ಎಂದರು.

ಏಳನೆಯದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದಲ್ಲ ಎಂದು ಮೂವರೂ ಕೇಳಿಕೊಂಡರು. ಆಗುವುದಿಲ್ಲ ಎಂದೆ. ಬಾಳೆಲೆಗೆ ಕೂತವನು ಪಾಯಸ ಮಾತ್ರ ಬಡಿಸಿ ಎನ್ನಬಹುದೇ? ಮದುವೆಯಾಗುವಾಗ ಹೆಂಡತಿಯ ಕಡೆಯವರಲ್ಲಿ ಒಳ್ಳೆಯವರನ್ನು ಮಾತ್ರ ಆರಿಸಿಕೊಳ್ಳುತ್ತೇವೆಯೇ? ನನ್ನ ಷಡ್ಡಕನೊಬ್ಬನಿದ್ದಾನೆ, ಅವನನ್ನು ಇಷ್ಟು ವರ್ಷದಿಂದ ಪೂರ್ತಿ ಕೇಳಿಸಿಕೊಳ್ಳುತ್ತಿಲ್ಲವೇ ನಾನು? ಹೀಗೆಲ್ಲ ವಾದಿಸಿದೆ. ನಿಜ ಹೇಳಬೇಕೆಂದರೆ ಏಳನೆಯ ಹಾಡು ನನಗೂ ಸೇರುತ್ತಿರಲಿಲ್ಲ. ಆದರೆ ಮೂರು ಜನ ಒಟ್ಟಾಗಿ ಒಂದು ಹಾಡನ್ನು ಹಳಿದಾಗ ಅದರ ಪರ ನಿಲ್ಲದಿದ್ದರೆ ಮನುಷ್ಯ ಎಂದು ಹೇಗೆ ಕರೆಸಿಕೊಳ್ಳುವುದು? ಅವರು ಹೆಚ್ಚು ಬೈದಷ್ಟೂ ಅದರಲ್ಲಿ ನನಗೆ ಹೆಚ್ಚು ಅರ್ಥ ಕಾಣತೊಡಗಿತು. ಊಟದ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಕೇಳುಗರ ಅಭಿಪ್ರಾಯಗಳನ್ನು ಹುಡುಕಿದೆ. ಅಲ್ಲಿಯೂ ಇದೇ ಗೋಳು. ಒಬ್ಬ ಐದು ನಕ್ಷತ್ರ ಕೊಟ್ಟು ಇದು ಬೇರೆ ಲೋಕದ ಸಂಗೀತ ಎಂದಿದ್ದ. ಇನ್ನೊಬ್ಬ ಒಂದು ನಕ್ಷತ್ರ ಕೊಟ್ಟು ಹಾಗಾದರೆ ಅಲ್ಲಿಯೇ ಇಟ್ಟುಕೊಳ್ಳಲಿ ಎಂದಿದ್ದ. ಏಳನೆಯ ಹಾಡು ಹಾಕಿದ ಮೇಲೆ ಮನೆಯ ಬೆಕ್ಕು ವಾಪಸು ಬಂದಿಲ್ಲ ಎಂದು ಒಬ್ಬಾಕೆ ಬರೆದಿದ್ದಳು. ನಾನು ಒಬ್ಬೊಬ್ಬರಿಗೂ ಉದ್ದುದ್ದ ಉತ್ತರ ಬರೆದೆ. ಕಿಟಕಿಗಳ ಲೆಕ್ಕ ತಪ್ಪಿತು, ಮ್ಯಾನೇಜರು ಗದರಿದರು. ಧರ್ಮಕ್ಕಾಗಿ ಕಷ್ಟಪಟ್ಟವರಲ್ಲಿ ನಾನೇ ಮೊದಲಿಗನೇನಲ್ಲ ಎಂದುಕೊಂಡೆ.

ಕೊನೆಗೆ ಒಂದು ಬುಧವಾರ ಹಮೀದ್ ಭಾಯ್ ಮೌನ ಮುರಿದರು. "ನೋಡಿ, ನಾಳೆ ಒಂದು ಸಲ ಕೇಳ್ತೇವೆ. ಮತ್ತೆ ವೋಟು. ಸೋತರೆ ಗುರುವಾರ ಸಹ ಬುಧವಾರದ ಹಾಗೆ. ಆಗ್ಬಹುದಾ?" ಎಂದರು. ಆಗಬಹುದು ಎಂದೆ. ಬೇರೇನು ಹೇಳಲಿ? ಮೂರು ಮತ ಅವರ ಕೈಯಲ್ಲೇ ಇದ್ದವು. ಗುರುವಾರ ಹೋದರೆ ನನ್ನ ಪಾಲಿಗೆ ಉಳಿಯುವುದು ಮಿಕ್ಸಿ, ಧಾರಾವಾಹಿ, ಕಿಟಕಿ. ಐವತ್ತು ದಾಟಿದ ಗಂಡಸು ಒಂದು ಹಾಡಿಗೆ ಇಷ್ಟು ಸಂಕಟಪಡುವುದು ನಗೆಪಾಟಲು ಎಂದು ನನಗೆ ಗೊತ್ತಿಲ್ಲದಿರಲಿಲ್ಲ. ಆದರೂ ತಗ್ಗುವುದಿಲ್ಲ ಎಂದು ನಿರ್ಧರಿಸಿದೆ.

ಮರುದಿನ ಕಾರು ಹೊರಟಿತು, ಆಲ್ಬಂ ಆರಂಭವಾಯಿತು. ಆರನೆಯ ಹಾಡಿನ ಕೊನೆಗೆ ಒಂದು ಗಳಿಗೆ ನಿಶ್ಶಬ್ದ. ಮತ್ತೆ ಕಿರ್ರ್ ಎಂದು ಶುರುವಾಯಿತು. ಹಮೀದ್ ಭಾಯ್ ಈ ಸಲ ಮೋಸ ಹೋಗುವವರಲ್ಲ. ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ನೇರ ನೋಡುತ್ತ ಓಡಿಸಿದರು. ಇದೇ ನನ್ನ ಕೊನೆಯ ಅವಕಾಶವೆಂದು ನಾನು ಕಣ್ಣು ಮುಚ್ಚಿ, ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ ವ್ಯಾಖ್ಯಾನ ಆರಂಭಿಸಿದೆ. "ಕೇಳಿ, ಈ ಏರಿಕೆ ಕೇಳಿ. ಇದು ಬರೀ ಸದ್ದಲ್ಲ, ದುಡಿದು ದುಡಿದು ಸವೆದ ಜೀವದ ಕೂಗು. ಈಗ ನೋಡಿ, ಇನ್ನೂ ಮೇಲಕ್ಕೆ ಹೋಗುತ್ತದೆ..." ಹೋಯಿತು. "ಇಲ್ಲೊಂದು ಕೆಮ್ಮು" ಎಂದೆ. ಕೆಮ್ಮಿತು. ನನಗೇ ರೋಮಾಂಚನವಾಯಿತು. ಆ ಹಾಡು ಅಷ್ಟು ಚೆನ್ನಾಗಿ ನನಗೆ ಎಂದೂ ಕೇಳಿಸಿರಲಿಲ್ಲ. ಜೂಲಿಯಾನ ಬಾಯಿ ಕೂಡ "ಇವತ್ತು ಸ್ವಲ್ಪ ಅಡ್ಡಿಯಿಲ್ಲ ಅಲ್ವಾ?" ಎಂದರು. ಆಗ ಪ್ರಸಾದ್ ಮೆಲ್ಲಗೆ ನನ್ನ ಮೊಣಕೈ ತಟ್ಟಿದ. "ಸರ್, ಡೋಂಟ್ ಮೈಂಡ್. ನಿಮ್ಮ ಫೋನ್ ಸ್ವಿಚ್ ಆಫ್ ಆಗಿದೆ" ಎಂದ. ನಾನು ಕಣ್ಣು ಬಿಡುವ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಏಳುತ್ತಿತ್ತು.

ಕಪಾಟಿನಲ್ಲಿ ಒಣಗಿದ್ದ ಆ ಹೊಸ ಬೆಲ್ಟು ಹರಿದು ಚಿಂದಿಯಾಗಿತ್ತು. ಕೆಟ್ಟ ಗಾಡಿ ಎಳೆದೊಯ್ಯುವ ರಿಕವರಿ ಲಾರಿಗೆ ಫೋನು ಮಾಡಿ ನಾವು ನಾಲ್ವರೂ ಫ್ಲೈಓವರಿನ ನೆರಳಿನಲ್ಲಿ ನಿಂತೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ನಕ್ಕವರು ಜೂಲಿಯಾನ ಬಾಯಿ. ಕರವಸ್ತ್ರ ಬಾಯಿಗೊತ್ತಿ ತಡೆದರು, ಆಗಲಿಲ್ಲ, ಕಂಬ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. "ದುಡಿದು ದುಡಿದು ಸವೆದ ಜೀವ!" ಎಂದು ಪ್ರಸಾದ್ ನನ್ನ ದನಿಯಲ್ಲೇ ಹೇಳಿದ. ನನ್ನ ಮೇಲೆ ಸಿಟ್ಟಾಗಬೇಕೋ ಬೆಲ್ಟಿನ ಮೇಲೋ ಎಂದು ಹಮೀದ್ ಭಾಯ್ ಅವರಿಗೆ ತಿಳಿಯದೆ ಅವರೂ ನಗತೊಡಗಿದರು. ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಶರಣಾಗುತ್ತಿದ್ದರು. ನಾನು ಆಗಲಿಲ್ಲ. "ಬೆಲ್ಟು ಬಾರಿಸಿದ್ದರಲ್ಲಿ ತಪ್ಪೇನಿದೆ? ಚೆನ್ನಾಗಿಯೇ ಬಾರಿಸಿತು. ನೀವೂ ಮೆಚ್ಚಿಕೊಂಡಿರಿ" ಎಂದೆ. ಅದಕ್ಕೆ ಇನ್ನಷ್ಟು ನಗು. ಬಾಯಿಯವರು ತಮ್ಮ ಫೋನಿನಲ್ಲಿ ಆಲ್ಬಂ ಹುಡುಕಿ, ಹೋಲಿಸಿ ನೋಡೋಣವೆಂದು ಏಳನೆಯದನ್ನೇ ಹಾಕಿದರು. ಆ ಸೆಖೆಯಲ್ಲಿ, ಲಾರಿ ಬರುವವರೆಗೂ, ನಾವು ಅದನ್ನು ಮತ್ತೆ ಮತ್ತೆ ಕೇಳಿದೆವು. ವೋಟಿನ ಮಾತನ್ನು ಯಾರೂ ಎತ್ತಲಿಲ್ಲ. ಗುರುವಾರ ಉಳಿಯಿತು.

ಉಳಿಯಿತು ಎಂದು ನಾನು ಹಿಗ್ಗಿದ್ದು ಎರಡೇ ದಿನ. ಭಾನುವಾರ ಹಮೀದ್ ಭಾಯ್ ಹಿಂದಿ ಹಾಡು ಬಿಟ್ಟು ಏಳನೆಯದನ್ನು ಹಾಕಿದರು. ಸೋಮವಾರ ಬಾಯಿಯವರು ಕೊಂಕಣಿ ಹಾಡುಗಳ ನಡುವೆ ಅದನ್ನು ತುರುಕಿದರು. ಪ್ರಸಾದ್ ಅದನ್ನು ರಿಂಗ್‌ಟೋನ್ ಮಾಡಿಕೊಂಡಿದ್ದಾನೆ, ಆಫೀಸಿನಲ್ಲಿ ಅದು ಕಿರುಚಿದಾಗಲೆಲ್ಲ ನಾನು ಬೆಚ್ಚಿಬೀಳುತ್ತೇನೆ. ವಾರಸುದಾರರಿಲ್ಲದ ಬುಧವಾರವೂ ಅದಕ್ಕೇ ಹೋಯಿತು. ಎಲ್ಲಿ ಏರುತ್ತದೆ, ಎಲ್ಲಿ ಕೆಮ್ಮುತ್ತದೆ ಎಂಬುದು ಮೂವರಿಗೂ ಬಾಯಿಪಾಠ. ಕೆಮ್ಮು ಬರುವಾಗ ಒಟ್ಟಿಗೆ ಕೆಮ್ಮುತ್ತಾರೆ. ಆಲ್ಬಮ್ಮಿನ ನಿಜವಾದ ಒಳ್ಳೆಯ ಹಾಡುಗಳನ್ನು ಕೇಳುವ ವ್ಯವಧಾನ ಯಾರಿಗೂ ಇಲ್ಲ. ಮೊನ್ನೆ ಗುರುವಾರ, ನನ್ನದೇ ಗುರುವಾರ, ತಡೆಯಲಾರದೆ ಹೇಳಿಯೇಬಿಟ್ಟೆ. ಸಾಕು, ಇದು ಕೆಟ್ಟ ಹಾಡು, ಇದರಲ್ಲಿ ಕಿರುಚಾಟ ಬಿಟ್ಟು ಇನ್ನೇನೂ ಇಲ್ಲ, ಬೇರೆ ಹಾಕೋಣ ಎಂದೆ.

ಹಮೀದ್ ಭಾಯ್ ಕನ್ನಡಿಯಲ್ಲಿ ನನ್ನನ್ನು ಬಹಳ ಮರುಕದಿಂದ ನೋಡಿದರು. "ಬೇಜಾರು ಮಾಡ್ಬೇಡಿ, ನಿಮಗೆ ಈ ಸಂಗೀತ ಅರ್ಥ ಆಗುದಿಲ್ಲ ಮಾರಾಯ್ರೆ" ಎಂದು ಸ್ಪೀಕರಿನ ಸದ್ದು ಹೆಚ್ಚಿಸಿದರು. ಮೂರು ಜನ ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ. ಊಟದ ಹೊತ್ತಿನಲ್ಲಿ ಇಂಟರ್‌ನೆಟ್ಟಿಗೆ ಹೋಗಿ ಆ ಹಾಡಿಗೆ ಒಂದು ನಕ್ಷತ್ರ ಕೊಟ್ಟು ಬಂದೆ. ಸಂಜೆಯೊಳಗೆ ಮೂರು ಉದ್ದುದ್ದ ಉತ್ತರಗಳು ಬಂದಿದ್ದವು, ಮೂರೂ ಬಹರೈನಿನಿಂದ.